ಕೂತು ಏಳುವ ಕಾರು

ಗಾಳಿಯ ಮೇಲೆ ನಿಲ್ಲುವ ಕಾರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ರಬ್ಬರಿನ ಬಲೂನು, ಅದಕ್ಕೆ ಗಾಳಿ ತುಂಬಲು ಒಂದು ಕಂಪ್ರೆಸರ್, ನಡುವೆ ಸಣ್ಣ ಪೈಪು. ಒಂದು ಗುಂಡಿ ಒತ್ತಿದರೆ ಕಾರು ಏಳುತ್ತದೆ, ಇನ್ನೊಂದು ಒತ್ತಿದರೆ ಕೂರುತ್ತದೆ. ಹೊಸದರಲ್ಲಿ ಎಲ್ಲ ಚೆಂದ. ಹಳತಾದ ಮೇಲೆ, ಬೆಳಗ್ಗೆ ಎದ್ದು ಬಂದು ನೋಡಿದರೆ ಕಾರು ನೆಲ ಹಿಡಿದು ಮಲಗಿರುತ್ತದೆ. ಆಗ ಮಾಲೀಕರು ಮುಖ ಸಣ್ಣದು ಮಾಡಿಕೊಂಡು ನನ್ನ ಗ್ಯಾರೇಜಿಗೆ ಬರುತ್ತಾರೆ. "ಇದನ್ನ ರಿಪೇರಿ ಮಾಡಿಸೋದಾ, ಇಲ್ಲ ಎಲ್ಲ ಕಿತ್ತು ಸ್ಪ್ರಿಂಗ್ ಹಾಕಿಸಿಬಿಡೋದಾ?" ಎಂದು ಕೇಳುತ್ತಾರೆ. ಅವರು ಬಾಯಿ ಮುಚ್ಚುವ ಮೊದಲೇ ನನ್ನ ಉತ್ತರ ಸಿದ್ಧ. ಕಿತ್ತುಹಾಕಿ. ಸ್ಪ್ರಿಂಗಿಗೆ ಗಾಳಿ ಬೇಡ, ಕರೆಂಟು ಬೇಡ, ಮುನಿಸಿಕೊಳ್ಳುವುದಂತೂ ಗೊತ್ತೇ ಇಲ್ಲ.

ಒಂದೇ ಒಂದು ಕಾರಿನ ವಿಷಯದಲ್ಲಿ ಈ ಉತ್ತರ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅದು ನನ್ನ ಮಾವನ ಕಾರು. ಮಾವ ಅಂದರೆ ಅಪ್ಪನ ತಂಗಿಯ ಗಂಡ. ಅವರು ಹೋಗಿ ವರ್ಷಗಳಾದವು. ಅತ್ತೆ ಈಗ ನನ್ನ ಜೊತೆಯಲ್ಲೇ ಇದ್ದಾರೆ, ನಾನು ಈ ಕಥೆ ಯಾರಿಗಾದರೂ ಹೇಳುವಾಗ ಒಳಗಿನ ಕೋಣೆಯಿಂದಲೇ ತಪ್ಪು ತಿದ್ದುತ್ತಾರೆ. ಹಾಗಾಗಿ ಇಲ್ಲಿರುವುದಕ್ಕೆಲ್ಲ ಅವರ ಒಪ್ಪಿಗೆಯಿದೆ ಎಂದುಕೊಳ್ಳಿ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಾವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಒಂಟೆ' ಎಂದು. ಉದ್ದ ಕತ್ತು, ಅರ್ಧ ಮುಚ್ಚಿದ ಕಣ್ಣು, ದಿನವಿಡೀ ನೀರು ಕುಡಿಯದೆ ಗಾಡಿ ಓಡಿಸುವ ತಾಕತ್ತು, ಇವೆಲ್ಲ ಇದ್ದವು ನಿಜ. ಆದರೆ ಹೆಸರು ಬಂದದ್ದು ಕಾರಿನಿಂದ. ಪ್ರಯಾಣಿಕರು ಹತ್ತುವ ಮೊದಲು ಅವರ ಕಾರು ಹಿಂಭಾಗವನ್ನು ಮೆಲ್ಲಗೆ ತಗ್ಗಿಸಿ ಕೂರುತ್ತಿತ್ತು. ಹತ್ತಿದ ಮೇಲೆ ಏಳುತ್ತಿತ್ತು. ನಾನು ಚಿಕ್ಕವಳಿದ್ದಾಗ, "ಒಂಟೆ ಮುಂಗಾಲು ಮೊದಲು ಮಡಚುತ್ತೆ ಮಾವ, ನಿಮ್ಮದು ಹಿಂಗಾಲು ಮಡಚುತ್ತಲ್ಲ?" ಎಂದು ಕೆಣಕಿದರೆ, "ಇದು ರಿವರ್ಸ್ ಗೇರಲ್ಲಿ ಹುಟ್ಟಿದ ಒಂಟೆ ಕಣೇ" ಎನ್ನುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ದಿನಕ್ಕೆ ಒಂದು ಜೋಕು ಹೇಳಿದರೆ ಮತ್ತೆ ಮಾರನೆಯ ದಿನದವರೆಗೆ ಬಾಯಿಗೆ ಬೀಗ.

ಅತ್ತೆ ಅದಕ್ಕೆ ತದ್ವಿರುದ್ಧ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನ ಎಲ್ಲರ ಕರೆಗಳನ್ನು ಜೋಡಿಸುತ್ತಿದ್ದವರು. ಮಗುವಾಗಿದ್ದಾಗ ಬಂದ ಜ್ವರವೊಂದು ಅವರ ಎಡಗಾಲನ್ನು ಕಡ್ಡಿ ಮಾಡಿ ಬಿಟ್ಟುಹೋಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ, ಮಂಡಿ ಮಡಚುವ ಹಾಗಿಲ್ಲ. ಚಿಕ್ಕಂದಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಅವರನ್ನು ಎತ್ತಿಕೊಂಡೇ ಹೋಗುತ್ತಿದ್ದರಂತೆ. "ಅಂಗಡಿ ಗಂಟಿನ ಹಾಗೆ. ಇವಳನ್ನ ಆ ಕಡೆ ಇಡು, ಈ ಕಡೆ ಇಡು. ಇವಳು ಅನ್ನೋಳಿಗೆ ಎಲ್ಲಿ ಕೂರೋ ಆಸೆ ಇದೆ ಅಂತ ಒಬ್ಬರೂ ಕೇಳಲಿಲ್ಲ" ಎನ್ನುತ್ತಾರೆ ಅತ್ತೆ. ಮೊದಲ ಸಂಬಳ ಬಂದ ದಿನವೇ ಅವರು ಮನೆಯಲ್ಲಿ ಘೋಷಣೆ ಮಾಡಿದರು. ಇನ್ನು ಮೇಲೆ ಯಾರೂ ನನ್ನನ್ನು ಎತ್ತಕೂಡದು. ಬಿದ್ದರೂ ಸರಿಯೇ, ನಾನೇ ಏಳುತ್ತೇನೆ. ಅಣ್ಣನಿಗೆ, ಅಂದರೆ ನನ್ನ ಅಪ್ಪನಿಗೆ, ಈ ಮಾತು ಎಷ್ಟು ಚೆನ್ನಾಗಿ ನಾಟಿತೆಂದರೆ, ಸಾಯುವವರೆಗೂ ತಂಗಿಯ ಕೈ ಹಿಡಿಯುವ ಮೊದಲು 'ಹಿಡೀಲಾ?' ಎಂದು ಕೇಳಿಯೇ ಹಿಡಿಯುತ್ತಿದ್ದರು.

ಮಾವ ಆಗ ಬಾಡಿಗೆ ಟ್ಯಾಕ್ಸಿಯ ಡ್ರೈವರ್. ಎಕ್ಸ್‌ಚೇಂಜಿನ ಪಾಳಿ ಮುಗಿಸಿ ಬರುವವರನ್ನು ಮನೆಗೆ ಬಿಡುವ ಕೆಲಸ ಅವರಿಗೆ ಸಿಕ್ಕಿತ್ತು. ಅತ್ತೆ ಟ್ಯಾಕ್ಸಿ ಹತ್ತುವುದೆಂದರೆ ಒಂದು ದೊಡ್ಡ ಕಸರತ್ತು. ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು, ಸೀಟಿನ ಅಂಚಿಗೆ ಕೂರಬೇಕು, ಆಮೇಲೆ ಕೈಯಿಂದ ಎಡಗಾಲನ್ನು ಎತ್ತಿ ಒಳಗೆ ಇಟ್ಟುಕೊಳ್ಳಬೇಕು. ಬೇರೆ ಡ್ರೈವರುಗಳು ಅಯ್ಯೋ ಪಾಪ ಎಂದು ಓಡಿಬಂದು ಕಂಕುಳಿಗೆ ಕೈ ಹಾಕುತ್ತಿದ್ದರು, ಇಲ್ಲವೇ ಗಡಿಯಾರ ನೋಡುತ್ತಿದ್ದರು. ಈ ಮನುಷ್ಯ ಎಂಜಿನ್ ಬಂದ್ ಮಾಡಿ, ಎದುರಿನ ರಸ್ತೆ ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದರು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಕೀ ತಿರುಗಿಸುತ್ತಿದ್ದರು. "ಇಡೀ ಊರಲ್ಲಿ ನಾನು ಹತ್ತೋದನ್ನ ನೋಡದೇ ಇದ್ದ ಗಂಡಸು ಇವರೊಬ್ಬರೇ. ಮದುವೆ ಆಗದೆ ಏನು ಮಾಡಲಿ?" ಎಂದು ಅತ್ತೆ ಈಗಲೂ ಹೇಳುತ್ತಾರೆ.

ಮದುವೆಯಾದ ಮೇಲೆ ಮಾವ ಸ್ವಂತ ಗಾಡಿಯ ಕನಸು ಕಾಣತೊಡಗಿದರು. ತಗ್ಗಿನ ಕಾರಿನಲ್ಲಿ ಅತ್ತೆ ಕೂತರೆ ಏಳಲಾರರು, ಎತ್ತರದ್ದಾದರೆ ಹತ್ತಲಾರರು. ಸ್ಟೂಲು ಇಟ್ಟು ನೋಡಿದ್ದಾಯಿತು. ಮಡಚದ ಕಾಲಿಟ್ಟುಕೊಂಡು ಸ್ಟೂಲಿನ ಮೇಲೆ ತಿರುಗಲು ಹೋಗಿ ಅತ್ತೆ ಬಿದ್ದು, ಸ್ಟೂಲನ್ನು ಒಲೆಗೆ ಹಾಕಿ ಎಂದರು. ಆಗ ಒಂದು ದೊಡ್ಡ ಹೋಟೆಲಿನವರು ತಮ್ಮ ಅತಿಥಿಗಳಿಗೆ ಇಟ್ಟಿದ್ದ ಹಳೆಯ ಕಾರನ್ನು ಮಾರುತ್ತಿದ್ದಾರೆ ಎಂಬ ಸುದ್ದಿ ಗ್ಯಾರೇಜು ನಡೆಸುತ್ತಿದ್ದ ಅಪ್ಪನ ಕಿವಿಗೆ ಬಿತ್ತು. ಉದ್ದನೆಯ, ಎತ್ತರದ, ಕಪ್ಪು ಕಾರು. ಹಿಂದಿನ ಎರಡು ಚಕ್ರಕ್ಕೆ ಬಲೂನು. ಗುಂಡಿ ಒತ್ತಿದರೆ ಹಿಂದಿನ ಸೀಟು ನಾಲ್ಕು ಬೆರಳಿನಷ್ಟು ಕೆಳಗಿಳಿಯುತ್ತದೆ. ನಾಲ್ಕು ಬೆರಳು ಎಂದರೆ ನಮಗೆ ನಿಮಗೆ ಲೆಕ್ಕಕ್ಕಿಲ್ಲ. ಅತ್ತೆಗೆ ಅದು ಒಂದು ಬಾಗಿಲು ತೆರೆದ ಹಾಗೆ.

ಆ ಕಾರು ಮನೆಯ ಮುಂದೆ ಬಂದು ನಿಂತ ದಿನ ನನಗೆ ಚೆನ್ನಾಗಿ ನೆನಪಿದೆ. ಮಾವ ಗುಂಡಿ ಒತ್ತಿದರು. ಉಸ್ಸ್ ಎಂದು ಕಾರು ಕೂತಿತು. ಅತ್ತೆ ಬಾಗಿಲಿಗೆ ಬೆನ್ನು ಮಾಡಿ, ಯಾವ ಕಷ್ಟವೂ ಇಲ್ಲದೆ, ಕುರ್ಚಿಯಲ್ಲಿ ಕೂರುವ ಹಾಗೆ ಕೂತರು. ಕಾಲನ್ನು ಒಳಗಿಟ್ಟುಕೊಂಡರು. ಕಾರು ಎದ್ದಿತು. ಅತ್ತೆ ಕಿಟಕಿಯಿಂದ ನಮ್ಮನ್ನೆಲ್ಲ ಒಂದು ಸಲ ನೋಡಿದರು, ಆಮೇಲೆ ಗತ್ತಿನಿಂದ ಮುಖ ತಿರುಗಿಸಿದರು. ಅಪ್ಪ ಬೀದಿಯಲ್ಲೇ ನಿಂತು ಚಪ್ಪಾಳೆ ತಟ್ಟಿದರು. ನಾವು ಮಕ್ಕಳು ಕಾರನ್ನು ಮತ್ತೆ ಮತ್ತೆ ಕೂರಿಸಿ ಏಳಿಸಿ ಎಂದು ಮಾವನ ಪ್ರಾಣ ತಿಂದೆವು. ಅವರು ಒಂದು ಸಲವೂ ಇಲ್ಲ ಎನ್ನಲಿಲ್ಲ.

ವಾರವಿಡೀ ಆ ಕಾರು ಬಾಡಿಗೆಗೆ ಓಡುತ್ತಿತ್ತು. ರಜೆಯ ದಿನ ಮಾತ್ರ ಅದು ಅತ್ತೆಯದು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ನಾನು, ಮುಂದೆ ಮಾವನ ಪಕ್ಕ ಅಪ್ಪ. ಒಂದು ದಿನ ಅಣೆಕಟ್ಟಿಗೆ, ಇನ್ನೊಂದು ದಿನ ರೈಲ್ವೆ ಸ್ಟೇಷನ್ನಿನ ಕ್ಯಾಂಟೀನಿಗೆ, ಬಹಳ ಸಲ ವಿಮಾನ ಇಳಿಯುವ ಬಯಲಿನ ಬೇಲಿಯ ಪಕ್ಕಕ್ಕೆ. ಅಲ್ಲಿ ಅತ್ತೆ ಇಳಿದು, ಕಾರಿಗೆ ಒರಗಿ ನಿಂತು, ಪ್ರತಿಯೊಂದು ವಿಮಾನಕ್ಕೂ ಒಂದು ಟೀಕೆ ಮಾಡುತ್ತಿದ್ದರು. "ಈ ಪೈಲಟ್ ಹೊಸಬ, ನೋಡು ಹೇಗೆ ಕುಕ್ಕಿದ." ಬಿಸ್ಕತ್ತಿನ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಫ್ಲಾಸ್ಕಿನ ಮುಚ್ಚಳದಲ್ಲೇ ಎಲ್ಲರೂ ಸರದಿಯ ಮೇಲೆ ಕಾಫಿ ಕುಡಿಯುತ್ತಿದ್ದೆವು. ಆ ಸೀಟಿನ ಬಟ್ಟೆಯ ವಾಸನೆ, ಬಿಸಿಲಿಗೆ ಕಾದ ಆ ಕಪ್ಪು ಬಾಗಿಲು, ಮಾವನ ಹಿಂದಲೆಯ ನೆರೆತ ಕೂದಲು, ಇವೆಲ್ಲ ನನಗೆ ಈಗಲೂ ಹಾಗೇ ನೆನಪಿವೆ. ಅಷ್ಟು ಸುಖವಾಗಿದ್ದೆವು, ಅಷ್ಟು ಸುಖವಾಗಿದ್ದೇವೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕಾಲ ಸರಿಯಿತು. ಎಕ್ಸ್‌ಚೇಂಜ್ ಮುಚ್ಚಿತು, ಅತ್ತೆ ಮನೆಯಲ್ಲಿ ಉಳಿದರು. ಅಪ್ಪ ಹೋದರು, ಗ್ಯಾರೇಜು ನನ್ನ ಕೈಗೆ ಬಂತು. ಮಾವ ಬಾಡಿಗೆ ಓಡಿಸುವುದನ್ನು ಬಿಟ್ಟರು, ಕಾರನ್ನು ಮಾತ್ರ ಬಿಡಲಿಲ್ಲ. ಎಂಜಿನ್ನಿನ ಕೆಲಸವಿದ್ದರೆ ನನ್ನ ಹತ್ತಿರ ತರುತ್ತಿದ್ದರು. ಹಿಂದಿನ ಚಕ್ರದ ಕಡೆ ಕೈ ಹಾಕಲು ಹೋದರೆ, "ಅದನ್ನ ಮುಟ್ಟಬೇಡ, ಅದು ಸರಿಯಾಗಿದೆ" ಎನ್ನುತ್ತಿದ್ದರು. ಸರಿಯಾಗಿರುವುದನ್ನು ಮುಟ್ಟುವ ಚಟ ನನಗಿಲ್ಲ, ಸುಮ್ಮನಿರುತ್ತಿದ್ದೆ.

ಹಾಗಿರುವಾಗ ಒಂದು ಬೆಳಗ್ಗೆ ಮಾವನ ಕಾರು ಹಿಂಭಾಗ ನೆಲಕ್ಕೆ ತಾಗಿಸಿಕೊಂಡು, ಟೈರು ಉಜ್ಜುವ ವಾಸನೆ ಹೊಡೆಯುತ್ತಾ ಗ್ಯಾರೇಜಿನ ಒಳಗೆ ತೆವಳಿಕೊಂಡು ಬಂತು. ಮಾವ ಇಳಿದರು. ಅಂಗಿ ಒದ್ದೆ, ತುಟಿ ಬೂದಿ ಬಣ್ಣ. ಇಳಿದವರೇ ಟೈರಿನ ರಾಶಿಯ ಮೇಲೆ ಕೂತುಬಿಟ್ಟರು. ನೀರು ಕೊಟ್ಟೆ. ಕುಡಿದು ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ಗಾಳಿ ನಿಲ್ತಿಲ್ಲ. ನೋಡು" ಎಂದರು. ಅಷ್ಟೇ.

ಕಾರನ್ನು ಲಿಫ್ಟಿಗೆ ಹಾಕಿ ಮೇಲೆತ್ತಿ ಟಾರ್ಚು ಬಿಟ್ಟೆ. ಎರಡೂ ಬಲೂನುಗಳು ಬಿರುಕು ಬಿಟ್ಟ ಹಿಮ್ಮಡಿಯ ಹಾಗಿದ್ದವು. ಅದು ನಿರೀಕ್ಷಿಸಿದ್ದೇ. ಕಂಪ್ರೆಸರ್ ನೋಡಿದೆ. ಅದು ಕೆಟ್ಟಿರಲಿಲ್ಲ, ಸತ್ತು ಎಷ್ಟೋ ವರ್ಷಗಳಾಗಿತ್ತು. ವೈರು ಕತ್ತರಿಸಿ ಮಡಚಿಟ್ಟಿತ್ತು, ಮೇಲೆ ಗೂಡು ಕಟ್ಟಿದ್ದ ಕಣಜ ಕೂಡ ಖಾಲಿ ಮಾಡಿಕೊಂಡು ಹೋಗಿತ್ತು. ಹಾಗಾದರೆ ಇಷ್ಟು ದಿನ ಈ ಕಾರು ಏಳುತ್ತಿದ್ದದ್ದು ಹೇಗೆ? ಪೈಪನ್ನು ಹಿಡಿದುಕೊಂಡು ಹೋದೆ. ಅದು ಡಿಕ್ಕಿಯ ತಳಕ್ಕೆ ಹೋಗಿ ಒಳಗೆ ನುಗ್ಗಿತ್ತು. ಕಾರು ಇಳಿಸಿ ಡಿಕ್ಕಿ ತೆರೆದು, ಮೂಲೆಯ ಕಾರ್ಪೆಟ್ ಎತ್ತಿದೆ. ಪೈಪಿನ ತುದಿಯಲ್ಲಿ ಟೈರಿಗೆ ಇರುವಂಥದ್ದೇ ಒಂದು ವಾಲ್ವು. ಅದರ ಪಕ್ಕದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ, ಕಾಲಿನಿಂದ ಒತ್ತುವ ಪಂಪು.

ವಾಲ್ವಿನ ಬುಡಕ್ಕೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ತುದಿ ಬಿಚ್ಚದಿರಲಿ ಎಂದು ಅದರ ಮೇಲೆ ಮೇಣ ಹಚ್ಚಿದ ನೂಲು ಸುತ್ತಿ, ಗಂಟನ್ನು ಒಳಗೆ ಸೇರಿಸಿತ್ತು. ಹಾಗೆ ನೂಲು ಸುತ್ತುತ್ತಿದ್ದವರು ನನಗೆ ಗೊತ್ತಿರುವಂತೆ ಈ ಭೂಮಿಯ ಮೇಲೆ ಒಬ್ಬರೇ. ನಾನು ಡಿಕ್ಕಿಯೊಳಗೆ ತಲೆ ಹಾಕಿಕೊಂಡೇ ನಿಂತೆ. ಅಪ್ಪನ ಕೈಬೆರಳುಗಳನ್ನು ಎಷ್ಟೋ ವರ್ಷಗಳ ಮೇಲೆ ಕಂಡ ಹಾಗಾಯಿತು. ಅಳು ಬಂತು. ಅದರ ಹಿಂದೆಯೇ ಕೋಪವೂ ಬಂತು. ನನಗೆ ಒಂದು ಮಾತು ಹೇಳದೆ ಹೋದರಲ್ಲ!

"ಮಾವ, ಏನಿದು?"

ಮಾವ ನೆಲ ನೋಡಿದರು. "ಕಂಪ್ರೆಸರ್ ಕೆಟ್ಟಾಗ ಎಲ್ಲೂ ಸಿಗಲಿಲ್ಲ. ಆ ಮಾಡೆಲ್ಲೇ ನಿಂತುಹೋಗಿತ್ತು. ನಿಮ್ಮಪ್ಪ ಇದನ್ನ ಮಾಡಿಕೊಟ್ಟ. ಇಳಿಸೋಕೆ ವಾಲ್ವಿನ ಪಿನ್ನು ಒತ್ತಿದ್ರೆ ಆಯ್ತು. ಏಳಿಸೋಕೆ ಪಂಪು."

"ಅತ್ತೆ ಒಳಗೆ ಕೂತಿರುವಾಗ್ಲೂ?"

"ಡಿಕ್ಕಿ ಸರಿಯಾಗಿ ಮುಚ್ಚಿಲ್ಲ ಅಂತ ಹೇಳಿ ಹಿಂದೆ ಹೋಗ್ತೀನಿ. ಡಿಕ್ಕಿ ಬಾಗಿಲು ಎತ್ತಿದ್ರೆ ಅವಳಿಗೆ ಏನೂ ಕಾಣಲ್ಲ."

ಒಂದು ಸಲ ಹೊರಗೆ ಹೋಗಿಬರುವುದೆಂದರೆ ಹತ್ತುವಾಗ, ಇಳಿಯುವಾಗ, ಮತ್ತೆ ಹತ್ತುವಾಗ, ಮನೆಗೆ ಬಂದು ಇಳಿಯುವಾಗ. ಪ್ರತಿ ಸಲವೂ ಈ ಎಪ್ಪತ್ತು ದಾಟಿದ ಮನುಷ್ಯ ಡಿಕ್ಕಿಯ ಹಿಂದೆ ನಿಂತು ಕಾಲಿನಿಂದ ಇಡೀ ಕಾರನ್ನು ಎತ್ತುತ್ತಿದ್ದರು. ಅದೂ ಎದೆ ಸರಿಯಿಲ್ಲ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೆ. ನಾನು ಬಾಯಿಗೆ ಬಂದ ಹಾಗೆ ಬೈದೆ.

"ಕಿತ್ತುಹಾಕ್ತೀನಿ. ಸ್ಪ್ರಿಂಗ್ ಹಾಕ್ತೀನಿ. ಮುಗೀತು ಕಥೆ" ಎಂದೆ.

"ಸ್ಪ್ರಿಂಗ್ ಹಾಕಿದ್ರೆ ಕೂರಲ್ಲ."

"ಕೂರಲ್ಲ."

"ಕೂತ ಎತ್ತರದಲ್ಲೇ ಇರೋ ಹಾಗೆ ಗಿಡ್ಡ ಸ್ಪ್ರಿಂಗ್ ಹಾಕೋಕಾಗಲ್ವಾ?"

"ರಸ್ತೆ ಉಬ್ಬು ಸಿಕ್ಕಿದ ಕಡೆಯೆಲ್ಲ ಹೊಟ್ಟೆ ಉಜ್ಜಿಸಿಕೊಂಡು ಹೋಗ್ತೀರಾ? ಮೊದಲನೇ ತಿರುವಲ್ಲೇ ಟೈರು ಸೀಳುತ್ತೆ."

ಆಮೇಲೆ ಮಾವ ತಮಗೆ ಅಭ್ಯಾಸವಿಲ್ಲದಷ್ಟು ಮಾತಾಡಿದರು. "ಗುಜರಿಯಿಂದ ಯಾವುದಾದ್ರೂ ಹಳೇ ಬಲೂನು ತಂದು ಹಾಕು. ಎಷ್ಟು ದಿನ ಬರುತ್ತೋ ಅಷ್ಟು ದಿನ ಬರಲಿ. ಈಗೀಗ ಅವಳು ಹೊರಗೆ ಬರೋದೇ ಕಡಿಮೆ ಆಗಿದೆ. ಕರೆದ್ರೆ ತಲೆನೋವು ಅಂತಾಳೆ. ಹತ್ತೋದು ಕಷ್ಟ ಆಗ್ತಿದೆ ಅವಳಿಗೆ, ನನಗೆ ಗೊತ್ತಾಗುತ್ತೆ. ಅದಕ್ಕೇ ಮೊದಲಿಗಿಂತ ಇನ್ನೂ ಕೆಳಗೆ ಇಳಿಸ್ತಿದ್ದೀನಿ. ಇದೂ ಹೋದ್ರೆ ಅವಳು ಆ ಕೋಣೆ ಬಿಟ್ಟು ಏಳಲ್ಲ ಕಣೇ. ಅವಳಿಗೆ ಮಾತ್ರ ಹೇಳಬೇಡ."

ಇಲ್ಲಿಯೇ ನನ್ನ ಉತ್ತರ ಗಂಟಲಲ್ಲಿ ಸಿಕ್ಕಿಕೊಂಡದ್ದು. ಗುಜರಿಯ ಬಲೂನೂ ಅಷ್ಟೇ ಹಳೆಯದು. ಅದು ದಾರಿಯಲ್ಲಿ ಒಡೆದರೆ ಇಬ್ಬರೂ ಹಳ್ಳಕ್ಕೆ. ಒಡೆಯದಿದ್ದರೆ ಇವರು ಪಂಪು ಒತ್ತುತ್ತಾ ಒಂದು ದಿನ ಡಿಕ್ಕಿಯ ಹಿಂದೆಯೇ ಮುಗಿಯುತ್ತಾರೆ. ಹೊಸ ಕಂಪ್ರೆಸರ್ ಬೇರೆ ಯಾವುದೋ ಗಾಡಿಯದ್ದು ತಂದು ಕೂರಿಸಬಹುದು, ಆದರೆ ಆ ರಬ್ಬರಿಗೆ ಅದರ ಒತ್ತಡ ತಡೆಯುವ ಶಕ್ತಿಯಿಲ್ಲ. ಸ್ಪ್ರಿಂಗ್ ಹಾಕಿದರೆ ಮಾವ ಉಳಿಯುತ್ತಾರೆ, ಅತ್ತೆ ಮನೆಯಲ್ಲೇ ಉಳಿಯುತ್ತಾರೆ. ನಾನು ಕಾರನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡು ಮಾವನನ್ನು ಮನೆಗೆ ಕಳಿಸಿದೆ. ಸಂಜೆ ಅವರು ವಾಕಿಂಗಿಗೆ ಹೋಗುವ ಹೊತ್ತು ನೋಡಿಕೊಂಡು ಅತ್ತೆಯ ಹತ್ತಿರ ಹೋದೆ. ಹೇಳಬೇಡ ಎಂದಿದ್ದರು ನಿಜ. ನಾನು ಹೂಂ ಅಂದಿರಲಿಲ್ಲ.

ಅತ್ತೆ ಕಿಟಕಿಯ ಪಕ್ಕ ಕೂತು ರೇಡಿಯೋಕ್ಕೆ ಬ್ಯಾಟರಿ ಹಾಕುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡಲು ಹೋಗಲಿಲ್ಲ.

"ಅತ್ತೆ, ಮಾವನ ಕಾರಲ್ಲಿ ಕಂಪ್ರೆಸರ್ ಕೆಲಸ ಮಾಡ್ತಿಲ್ಲ."

ಅತ್ತೆ ತಲೆ ಎತ್ತಲಿಲ್ಲ. "ಈಗ ಗೊತ್ತಾಯ್ತಾ ನಿನಗೆ? ಮೆಕ್ಯಾನಿಕ್ ಅಂತೆ, ಮೆಕ್ಯಾನಿಕ್!"

ನಾನು ಪೆಚ್ಚಾಗಿ ಮಂಚದ ಮೇಲೆ ಕೂತೆ.

"ಆ ಸೀಟಲ್ಲಿ ಕೂತಿರೋಳು ನಾನು ಕಣೆ" ಎಂದರು ಅತ್ತೆ. "ಮಷೀನು ಎತ್ತಿದ್ರೆ ಒಂದೇ ಸಮ ಏಳುತ್ತೆ. ಇದು ಬಿಕ್ಕಳಿಕೆ ಬಂದ ಹಾಗೆ ತಡೆದು ತಡೆದು ಏಳೋಕೆ ಶುರುವಾಯ್ತು. ಹಿಂದೆ ನಿಂತು ಇವರು ಉಸಿರು ಬಿಡೋದು ನನಗೆ ಕೇಳಲ್ವಾ? ಜನ್ಮವಿಡೀ ತಂತಿಯಲ್ಲಿ ಜನರ ಉಸಿರು ಕೇಳಿ ಸಂಬಳ ತಗೊಂಡೋಳು ನಾನು. ಉಸಿರಲ್ಲೇ ಹೇಳ್ತಿದ್ದೆ, ಯಾರು ಸುಳ್ಳು ಹೇಳ್ತಿದ್ದಾರೆ, ಯಾರು ಅಳ್ತಿದ್ದಾರೆ ಅಂತ."

"ಮತ್ತೆ ಯಾಕೆ ಸುಮ್ಮನಿದ್ರಿ?"

ಅತ್ತೆಯ ಕೈ ನಿಂತಿತು. "ಹೇಳಿದ್ರೆ ಅವರಿಗೆ ಅವಮಾನ. ಇನ್ನು ಎತ್ತಬೇಡಿ ಅಂದ್ರೆ ನಾನು ಇಲ್ಲೇ ಕೂರಬೇಕು. ನನಗೆ ಹೊರಗೆ ಹೋಗೋ ಆಸೆ ಇತ್ತು. ಅಷ್ಟೇ, ಇನ್ನೇನಿಲ್ಲ. ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ಆಮೇಲೆ ಅವರ ಉಸಿರು ಜೋರಾಯ್ತು ನೋಡು, ಆಗಿಂದ ಒಂದೊಂದೇ ಕಡಿಮೆ ಮಾಡ್ತಾ ಬಂದೆ. ತಲೆನೋವು ಅಂದೆ, ಬಿಸಿಲು ಅಂದೆ, ಮೋಡ ಅಂದೆ. ಅವರು ಕರೆದಷ್ಟು ಸಲ ನಾನು ಹೋಗಿದ್ರೆ ಈ ಹೊತ್ತಿಗೆ ಅವರು ಇರ್ತಿರಲಿಲ್ಲ. ಆದ್ರೂ ಈ ಮನುಷ್ಯ ಕಾರನ್ನ ಇನ್ನೂ ಕೆಳಗೆ ಇಳಿಸ್ತಾರಲ್ಲ, ಯಾಕೆ?"

ನೋಡಿ ಇವರ ಸಂಸಾರವನ್ನು. ಮಾವನಿಗೆ ಸುಸ್ತಾಗುತ್ತದೆಂದು ಅತ್ತೆ ಹೊರಗೆ ಹೋಗುವುದನ್ನು ಬಿಡುತ್ತಾರೆ. ಅತ್ತೆ ಬರುತ್ತಿಲ್ಲ, ಹತ್ತಲು ಕಷ್ಟವಾಗಿರಬೇಕೆಂದು ಮಾವ ಕಾರನ್ನು ಇನ್ನಷ್ಟು ಇಳಿಸುತ್ತಾರೆ. ಇಳಿಸಿದಷ್ಟೂ ಏಳಿಸಬೇಕು, ಏಳಿಸಿದಷ್ಟೂ ಉಸಿರು ಜೋರು. ಇಬ್ಬರನ್ನೂ ಒಂದು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಜಡಿಯಬೇಕು ಎನಿಸಿತು. ಮಾವ ಹೇಳಿದ್ದನ್ನೆಲ್ಲ ಅತ್ತೆಗೆ ಹೇಳಿದೆ. ಎರಡು ದಾರಿಯನ್ನೂ ಬಿಡಿಸಿ ಹೇಳಿದೆ. ಅತ್ತೆ ಬ್ಯಾಟರಿಯನ್ನು ಕೈಯಲ್ಲಿ ಉರುಳಿಸುತ್ತಾ ಕೇಳಿದರು.

"ಸ್ಪ್ರಿಂಗ್ ಹಾಕು" ಎಂದರು ಕೊನೆಗೆ.

"ಹತ್ತೋದು ಹೇಗೆ?"

"ಅದು ನನ್ನ ತಲೆನೋವು. ಈ ಸಲ ನಿಜವಾದ ತಲೆನೋವು. ಹೋಗು."

"ಎತ್ತಿ ಕೂರಿಸೋಕೆ ಬಿಡ್ತೀರಾ ನಮ್ಮನ್ನ?"

ಅತ್ತೆ ನನ್ನನ್ನು ನೋಡಿದ ರೀತಿಗೆ ನಾನು ಚಪ್ಪಲಿ ಹಾಕಿಕೊಂಡು ಹೊರಟೆ.

ಆ ಬಲೂನು, ಪೈಪುಗಳನ್ನು ಬಿಚ್ಚುವಾಗ ನನ್ನ ಕೈ ಎಂದಿನ ಹಾಗೆ ಓಡಲಿಲ್ಲ. ಎಷ್ಟೋ ಕಾರುಗಳಿಂದ ಇದೇ ಸಾಮಾನನ್ನು ಹಲ್ಲು ಕಚ್ಚಿಕೊಂಡು ಕಿತ್ತು ಮೂಲೆಗೆ ಎಸೆದವಳು ನಾನು. ಈ ಸಲ ಒಂದೊಂದೇ ಬೋಲ್ಟನ್ನು ಬಿಚ್ಚಿ ಪಕ್ಕದಲ್ಲಿ ಇಡುತ್ತಾ ಹೋದೆ. ಅಪ್ಪ ಸುತ್ತಿದ ನೂಲು ಮಾತ್ರ ಬ್ಲೇಡಿಲ್ಲದೆ ಬರಲಿಲ್ಲ. ಹೊಸ ಸ್ಪ್ರಿಂಗುಗಳನ್ನು ಕೂರಿಸಿ, ಕಾರನ್ನು ಇಳಿಸಿ, ಹಿಂದೆ ನಿಂತು ಕೈಯಿಂದ ಅದುಮಿ ನೋಡಿದೆ. ಗಟ್ಟಿಯಾಗಿತ್ತು. ಸೀಟು ಮೊದಲು ಏಳುತ್ತಿದ್ದ ಎತ್ತರದಲ್ಲೇ ನಿಂತಿತು, ಇನ್ನು ಯಾರು ಕೇಳಿಕೊಂಡರೂ ಇಳಿಯುವುದಿಲ್ಲ. ಕೆಲಸ ಚೆನ್ನಾಗಿ ಆಗಿತ್ತು. ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಮಾರನೆಯ ಬೆಳಗ್ಗೆ ಕಾರನ್ನು ನಾನೇ ಅವರ ಮನೆಗೆ ತೆಗೆದುಕೊಂಡು ಹೋದೆ. ಮಾವ ಗೇಟಿನ ಹತ್ತಿರ ಮುಖ ಊದಿಸಿಕೊಂಡು ನಿಂತಿದ್ದರು. ಅತ್ತೆ ರಾತ್ರಿಯೇ ಎಲ್ಲ ಹೇಳಿಬಿಟ್ಟಿದ್ದರಂತೆ, ನನ್ನ ಮೇಲೂ ಕೋಪ, ಹೆಂಡತಿಯ ಮೇಲೂ ಕೋಪ. ಹಿಂದಿನ ಚಕ್ರದ ಮೇಲೆ ಕೈ ಆಡಿಸಿದರು, ಡಿಕ್ಕಿ ತೆರೆದು ಖಾಲಿ ಮೂಲೆ ನೋಡಿದರು, ಮುಚ್ಚಿದರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಮದುವೆ ಮನೆಗೆ ಹೊರಟವರ ಹಾಗೆ ಗರಿಗರಿ ಸೀರೆ. ಕೈಯಲ್ಲಿ ಕೋಲು, ಹೆಗಲಲ್ಲಿ ಚೀಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎದುರು ಮನೆಯವರು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದರು.

ಅತ್ತೆ ಕಾರಿನ ಬಾಗಿಲು ತೆರೆದು ಸೀಟಿಗೆ ಬೆನ್ನು ಮಾಡಿ ನಿಂತರು. ಸೀಟು ಅವರು ಕೂರಬಲ್ಲ ಎತ್ತರಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ ಮೇಲಕ್ಕೆ ತಳ್ಳಿ ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಹಣೆಯಲ್ಲಿ ಬೆವರು ಒಡೆಯಿತು. ನಾನು ಒಂದು ಹೆಜ್ಜೆ ಮುಂದಿಟ್ಟವಳು ತಡೆದುಕೊಂಡೆ. ಮಾವ ಬೇಲಿಯ ಕಂಬವನ್ನು ಹಿಡಿದುಕೊಂಡಿದ್ದರು.

ಆಗ ಅತ್ತೆ ಕೋಲನ್ನೂ ಚೀಲವನ್ನೂ ಸೀಟಿನ ಮೇಲೆ ಎಸೆದರು. ತಿರುಗಿದರು. ಎರಡೂ ಕೈ ಚಾಚಿ, ಎತ್ತರದ ಮಂಚ ಹತ್ತುವ ಮಗುವಿನ ಹಾಗೆ, ಹೊಟ್ಟೆಯಡಿಯಾಗಿ ಸೀಟಿನ ಮೇಲೆ ಬಿದ್ದರು. ಬಲಗಾಲು ಗಾಳಿಯಲ್ಲಿ ಬಡಿಯಿತು. ಸೀರೆ ಮೇಲಕ್ಕೆ ಹೋಗಿ ಕಾಲಿನ ಕಬ್ಬಿಣದ ಪಟ್ಟಿ ಇಡೀ ಬೀದಿಗೆ ಕಂಡಿತು. ಯಾರಿಗೂ ಅದನ್ನು ತೋರಿಸದೆ ಜನ್ಮ ಕಳೆದವರು ಅವರು. ಎದುರು ಮನೆಯವರು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಸಹಾಯಕ್ಕೆ ಓಡಿಬಂದರು.

"ಅಲ್ಲೇ ನಿಲ್ಲಿ!" ಎಂದು ಮಾವ ಕೂಗಿದರು. ಮಾವ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎದುರು ಮನೆಯವರು ಅಲ್ಲಿಯೇ ನಿಂತರು.

ಅತ್ತೆ ಮೊಣಕೈ ಊರಿ ತೆವಳಿದರು. ಏದುಸಿರು ಬಿಟ್ಟರು. ಇನ್ನಷ್ಟು ತೆವಳಿದರು. ಕಾಲು ಒಳಗೆ ಹೋಯಿತು. ಸೀಟಿನೊಳಗೆ ಹೊರಳಿ, ಸೀರೆ ಸರಿ ಮಾಡಿಕೊಂಡು, ಮುಂದಿನ ಸೀಟು ಹಿಡಿದು ಎದ್ದು ಕೂತರು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಬಾಗಿಲನ್ನು ಅವರೇ ಎಳೆದುಕೊಂಡರು. ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಮಾವ ಹೋಗಿ ಸ್ಟೇರಿಂಗಿನ ಮುಂದೆ ಕೂತರು. ಸ್ವಲ್ಪ ಹೊತ್ತು ಕೀ ತಿರುಗಿಸಲಿಲ್ಲ. ಆಮೇಲೆ, "ಎಲ್ಲಿಗೆ?" ಎಂದರು.

"ಎಲ್ಲಿಗಾದ್ರೂ ಸರಿ ರೀ" ಎಂದರು ಅತ್ತೆ, ಇನ್ನೂ ಏದುಸಿರು ಬಿಡುತ್ತಾ. "ಆದ್ರೆ ನಾನು ಇಳಿಯಲ್ಲ, ಈಗಲೇ ಹೇಳಿಬಿಟ್ಟಿದ್ದೀನಿ. ಇಷ್ಟು ಕಷ್ಟಪಟ್ಟು ಹತ್ತಿದ್ದೀನಿ, ಸಂಜೆವರೆಗೂ ಇಳಿಯಲ್ಲ."

ಮಾವನ ಭುಜಗಳು ಅಲುಗಾಡಿದವು. ನಗುತ್ತಿದ್ದಾರೋ ಅಳುತ್ತಿದ್ದಾರೋ ಹಿಂದಿನಿಂದ ಗೊತ್ತಾಗಲಿಲ್ಲ. ಕಾರು ಹೊರಟಿತು.

ಆ ದಿನ ಗ್ಯಾರೇಜಿನಲ್ಲಿ ನಾನು ಮಾಡಿದ ಕೆಲಸ ಅಷ್ಟರಲ್ಲೇ ಇತ್ತು. ರಸ್ತೆಯ ಕಡೆಗೇ ಕಣ್ಣು. ಬೆಳಗ್ಗೆ ಕಾರು ಪಶ್ಚಿಮಕ್ಕೆ ಹೋದದ್ದನ್ನು ಕಂಡೆ, ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಏನನ್ನೋ ತೋರಿಸುತ್ತಿದ್ದರು. ಮಧ್ಯಾಹ್ನ ಪೂರ್ವಕ್ಕೆ ಹೋಯಿತು. ಮಾವ ಪೆಟ್ರೋಲ್ ಬಂಕಿನಲ್ಲಿ ನಿಂತು ಊಟದ ಪೊಟ್ಟಣವನ್ನು ಕಿಟಕಿಯೊಳಗೆ ಕೊಡುತ್ತಿದ್ದದ್ದನ್ನು ಕಂಡವರು ಬಂದು ಹೇಳಿದರು. ಇಬ್ಬರೂ ಏನೋ ಜಗಳವಾಡುತ್ತಿದ್ದರಂತೆ, ಬಹಳ ಖುಷಿಯಲ್ಲಿದ್ದರಂತೆ.

ಹೊತ್ತು ಇಳಿಯುವಾಗ ನಾನು ಶಟರ್ ಎಳೆಯಲು ಹೊರಗೆ ಬಂದೆ. ಕಾರು ಊರಿನ ಕಡೆಯಿಂದ ಮೆಲ್ಲಗೆ ಬರುತ್ತಿತ್ತು. ಹೊಸ ಸ್ಪ್ರಿಂಗು ಗಟ್ಟಿ, ಉಬ್ಬುಗಳನ್ನು ಅಷ್ಟು ನಯವಾಗಿ ದಾಟುವುದಿಲ್ಲ. ಮಾವ ಗ್ಯಾರೇಜಿನ ಮುಂದಿನ ಉಬ್ಬಿನ ಹತ್ತಿರ ಕಾರನ್ನು ನಿಲ್ಲಿಸುವಷ್ಟು ನಿಧಾನ ಮಾಡಿ, ಒಂದೊಂದೇ ಚಕ್ರವನ್ನು ಓರೆಯಾಗಿ ಹತ್ತಿಸಿ ಇಳಿಸಿದರು. ಹಿಂದಿನ ಸೀಟಿನಲ್ಲಿ ಅತ್ತೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ನಾನು ಕೈ ಬೀಸಿದೆ. ಮಾವ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದರು. ಅವರ ಮನೆಯ ಕಡೆಗೆ ಎಡಕ್ಕೆ ತಿರುಗಬೇಕಿತ್ತು. ಮಾವ ತಿರುಗಲಿಲ್ಲ, ನೇರವಾಗಿ ಹೋದರು.